ಪದ್ಮಿನಿಗೆ ಜಿಪ್ಸಿ ಎಂಜಿನ್: ಬಾಡಿ ಕತ್ತರಿಸದೆ ಕೂರಿಸುವುದು ಹೇಗೆ?

ನಮ್ಮ ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ಕೊಂಡ ಗಾಡಿ. ಮಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾದರೆ ಸಾಕು, ಹಿಂದಿನ ಸೀಟಿನಲ್ಲಿದ್ದ ನಾವೆಲ್ಲ ಟೆಂಪರೇಚರ್ ಮುಳ್ಳನ್ನೇ ನೋಡುತ್ತಾ ಕೂರುತ್ತಿದ್ದೆವು. ಇವತ್ತು ಅದೇ ಗಾಡಿ ಅದೇ ಏರನ್ನು ಮೂರನೇ ಗೇರಿನಲ್ಲಿ ಆರಾಮವಾಗಿ ಹತ್ತುತ್ತದೆ. ಬಾನೆಟ್ ಕೆಳಗೆ ಈಗಿರುವುದು ಮಾರುತಿ ಜಿಪ್ಸಿಯ ಎಂಜಿನ್. ಅಪ್ಪನ ಕಾಲದ ಎಂಜಿನ್ ಶೆಡ್ಡಿನಲ್ಲಿ ಭದ್ರವಾಗಿದೆ. ಬೇಕೆಂದರೆ ಒಂದು ವಾರದಲ್ಲಿ ಅದನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಬಹುದು.

ಈ ಕೊನೆಯ ಮಾತು ನನಗೆ ತುಂಬಾ ಮುಖ್ಯ. ಹೊಸ ಎಂಜಿನ್ ಹಾಕುವ ಆತುರದಲ್ಲಿ ಹಳೆಯ ಗಾಡಿಯನ್ನು ಕತ್ತರಿಸಿ ಹಾಳು ಮಾಡಿದ್ದನ್ನು ಬಹಳ ಕಡೆ ನೋಡಿದ್ದೇನೆ. ಪದ್ಮಿನಿ ತಯಾರಾಗುವುದು ನಿಂತು ಎರಡು ದಶಕ ದಾಟಿದೆ. ಕತ್ತರಿಸಿದ ಬಾಡಿಗೆ ಬದಲಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಬೋಲ್ಟ್ ಬಿಚ್ಚಿದರೆ ಮೊದಲಿನಂತಾಗುವ ರೀತಿಯಲ್ಲಿದೆ. ಒಂದೇ ಒಂದು ಕಡೆ ನೆಲದ ತಗಡಿನಲ್ಲಿ ತೂತು ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಿಜವಾಗಿಯೂ ಬೇಕಾ?

ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100ಡಿ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿತ್ತು. 1089 ಸಿಸಿ ಎಂಜಿನ್, ಸುಮಾರು 40 ಕುದುರೆ ಶಕ್ತಿ, ಸ್ಟಿಯರಿಂಗ್ ಪಕ್ಕದಲ್ಲಿ ನಾಲ್ಕು ಗೇರು. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಟ್ಟಿ ಸ್ಪ್ರಿಂಗ್. ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಸರಿಯಾಗಿದ್ದರೆ ಇದು ಒಳ್ಳೆಯ ಎಂಜಿನ್. ತುಂಬ ಜನ ಅದು ಸವೆದಿದೆ ಎಂದು ತಿಳಿಯದೆ ‘ಹಳೇ ಎಂಜಿನ್ ಹೀಗೇ’ ಅಂದುಕೊಂಡಿರುತ್ತಾರೆ.

ಅದಕ್ಕೆ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಸಿ. ನಾಲ್ಕೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಬರಬೇಕು. ಒಂದೆರಡು ತೀರಾ ಕಡಿಮೆ ಬಂದರೆ ಪಿಸ್ಟನ್ ರಿಂಗು, ವಾಲ್ವ್ ಕೆಲಸ ಇದೆ ಎಂದರ್ಥ. ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೆಸರು ತೆಗೆಸಿ. ಇಷ್ಟರಲ್ಲೇ ಅರ್ಧ ದೂರು ಹೋಗುತ್ತದೆ. ಊರೊಳಗೆ, ವಾರಕ್ಕೊಮ್ಮೆ ಓಡಿಸುವವರಿಗೆ ಹಳೆಯ ಎಂಜಿನ್ ಕಟ್ಟಿಸುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಖರ್ಚೂ ಕಡಿಮೆ, ತಲೆನೋವೂ ಕಡಿಮೆ. ಘಾಟಿ, ಹೆದ್ದಾರಿ, ದೂರದ ಪ್ರಯಾಣ ಜಾಸ್ತಿ ಇದ್ದರೆ ಮಾತ್ರ ಮುಂದೆ ಓದಿ.

ಪದ್ಮಿನಿಗೆ ಬೇರೆ ಎಂಜಿನ್ ಹೊಸ ವಿಚಾರವೇನಲ್ಲ. ಕಂಪನಿಯೇ 137ಡಿ ಎಂಬ ಮಾದರಿಯಲ್ಲಿ 1366 ಸಿಸಿ ಡೀಸೆಲ್ ಎಂಜಿನ್ ಕೂರಿಸಿತ್ತು. ಇದೇ ಕಂಪನಿಯ 118ಎನ್‌ಇ ಗಾಡಿಯಲ್ಲಿ ಫಿಯೆಟ್ 124ರ ಬಾಡಿಗೆ ನಿಸಾನ್‌ನ 1171 ಸಿಸಿ ಎಂಜಿನ್ ಇತ್ತು. ಫಿಯೆಟ್ ಬಾಡಿಗೆ ಜಪಾನಿ ಎಂಜಿನ್ ಒಗ್ಗುತ್ತದೆ ಎಂಬುದು ಆಗಲೇ ಗೊತ್ತಿದ್ದ ಸಂಗತಿ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ

ಇದನ್ನು ಕೊನೆಗೆ ನೋಡಿಕೊಳ್ಳೋಣ ಎನ್ನುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಾದ ಮೇಲೆ, ಒಪ್ಪಿಗೆ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಗಾಡಿ ಎಲ್ಲಿ ನೋಂದಣಿಯಾಗಿದೆಯೋ ಆ ಆರ್‌ಟಿಒ ಕಚೇರಿಗೆ ಮೊದಲು ಹೋಗಿ. ಯಾವ ಎಂಜಿನ್, ಎಷ್ಟು ಸಿಸಿ, ಯಾವ ಇಂಧನ, ಎಂಜಿನ್ ನಂಬರ್ ಎಷ್ಟು, ಎಲ್ಲವನ್ನೂ ಬರೆದು ಅರ್ಜಿ ಕೊಡಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ‘ಮಾಡ್ಕೊಳ್ಳಿ, ಏನಾಗಲ್ಲ’ ಎಂಬ ಬಾಯಿಮಾತು ನಾಳೆ ಅಪಘಾತವಾದಾಗ ಕೆಲಸಕ್ಕೆ ಬರುವುದಿಲ್ಲ. ನಮ್ಮ ಗಾಡಿಯ ವಿಷಯದಲ್ಲಿ ಗ್ಯಾರೇಜಿನ ಕೆಲಸಕ್ಕಿಂತ ಕಾಗದದ ಕೆಲಸಕ್ಕೇ ಹೆಚ್ಚು ತಿಂಗಳು ಹೋದವು.

ಒಪ್ಪಿಗೆ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ. ರಸ್ತೆಗಿಳಿಯುವ ಗಾಡಿಗೆ ಬೇರೆ ದಾರಿ ಇಲ್ಲ.

ಸಿಕ್ಕರೆ ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರಬೇಕು. ವಿಮೆ ಕಂಪನಿಗೂ ಪತ್ರ ಬರೆದು ತಿಳಿಸಬೇಕು. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸುವಾಗ ಇನ್‌ಸ್ಪೆಕ್ಟರ್ ಬಾನೆಟ್ ತೆಗೆಸಿ ಎಂಜಿನ್ ನಂಬರ್ ನೋಡುತ್ತಾರೆ. ಅದೂ ನೆನಪಿರಲಿ.

ಇನ್ನೊಂದು ಮಾತು. ನಿಮ್ಮ ಗಾಡಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರೆ, ಅಥವಾ ದಾಟುವ ಹತ್ತಿರದಲ್ಲಿದ್ದರೆ, ಈ ಕೆಲಸಕ್ಕೆ ಕೈ ಹಾಕಲೇಬೇಡಿ. 2021ರ ನಿಯಮದಲ್ಲಿ ಅಂಥ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಿಕೊಂಡು ‘ವಿಎ’ ಅಕ್ಷರದ ನಂಬರ್ ಪಡೆಯಬಹುದು. ಆದರೆ ಎಂಜಿನ್, ಚಾಸಿ, ಬಾಡಿ ಮೂಲ ಸ್ಥಿತಿಯಲ್ಲೇ ಇರಬೇಕು. ಹಳೆಯ ಫಿಯೆಟ್ ಡಿಲೈಟ್‌ಗಳು, ಮೊದಮೊದಲ ಪದ್ಮಿನಿಗಳು ಈ ಸಾಲಿಗೆ ಬರುತ್ತವೆ. ಆ ಗೌರವ ಕಳೆದುಕೊಳ್ಳುವುದು ಬೇಡ.

ಯಾವ ಎಂಜಿನ್?

ಸ್ವಿಫ್ಟ್, ಎಸ್ಟೀಮ್, ಸ್ಯಾಂಟ್ರೊ ಎಂಜಿನ್ ಸುಲಭವಾಗಿ ಸಿಗುತ್ತವೆ. ಆದರೆ ಅವೆಲ್ಲ ಗಾಡಿಗೆ ಅಡ್ಡಲಾಗಿ ಕೂರುವಂಥವು. ಮುಂದಿನ ಚಕ್ರವನ್ನು ತಿರುಗಿಸುವ ಗೇರ್‌ಬಾಕ್ಸ್ ಅವಕ್ಕೇ ಅಂಟಿಕೊಂಡಿರುತ್ತದೆ. ಪದ್ಮಿನಿಗೆ ಬೇಕಾದ್ದು ಉದ್ದಕ್ಕೆ ಕೂರುವ ಎಂಜಿನ್, ಹಿಂದಕ್ಕೆ ಚಾಚಿದ ಗೇರ್‌ಬಾಕ್ಸ್.

ಮಾರುತಿ ಗಾಡಿಗಳಲ್ಲಿ ಹಾಗಿರುವುದು ಮುಖ್ಯವಾಗಿ ಈಕೊ ಮತ್ತು ಜಿಪ್ಸಿ. ಹಳೆಯ ಈಕೊದ 1196 ಸಿಸಿ ಎಂಜಿನ್ ಒಳ್ಳೆಯದೇ. ಆದರೆ ಅದನ್ನು ಮುಂದಿನ ಸೀಟಿನ ಕೆಳಗೆ ಕೂರುವಂತೆ ಮಾಡಿದ್ದಾರೆ. ಸಂಪು (ಎಂಜಿನ್ ತಳದ ಆಯಿಲ್ ತೊಟ್ಟಿ), ಮ್ಯಾನಿಫೋಲ್ಡ್ (ಗಾಳಿ, ಹೊಗೆಯ ಕೊಳವೆಗಳು), ಗೇರ್ ಜೋಡಣೆ ಎಲ್ಲ ಆ ಜಾಗಕ್ಕೆ ತಕ್ಕಂತೆ ಇವೆ. ಜಿಪ್ಸಿಯ ಎಂಜಿನ್ ಮೊದಲಿನಿಂದಲೂ ಬಾನೆಟ್ ಕೆಳಗೆ ಕೂತಿದ್ದು. ಹಾಗಾಗಿ ನಾನು ಅದನ್ನೇ ಆರಿಸಿದೆ.

ಜಿಪ್ಸಿಯ 1298 ಸಿಸಿ ಎಂಜಿನ್ ಎರಡು ಬಗೆಯಲ್ಲಿ ಬರುತ್ತದೆ. ಹಳೆಯದು ಕಾರ್ಬುರೇಟರ್ ಇರುವ 8 ವಾಲ್ವಿನದು, ಸುಮಾರು 60 ಕುದುರೆ ಶಕ್ತಿ. ಆಮೇಲೆ ಬಂದಿದ್ದು, ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ 16 ವಾಲ್ವಿನ ಎಂಪಿಎಫ್‌ಐ, ಸುಮಾರು 80. ಮನೆಯಲ್ಲೇ ನಿಧಾನವಾಗಿ ಕೆಲಸ ಮಾಡುವವರಿಗೆ, ವೈರಿಂಗ್ ಕಂಡರೆ ಹಿಂಜರಿಯುವವರಿಗೆ ಕಾರ್ಬುರೇಟರ್ ಎಂಜಿನ್ ಸಾಕು. 60 ಕೂಡ ಪದ್ಮಿನಿಗೆ ಒಂದೂವರೆ ಪಟ್ಟು. ಮಳೆ, ಚಳಿ, ಎತ್ತರ ಯಾವುದಕ್ಕೂ ತಕರಾರಿಲ್ಲದೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕೆಂದರೆ ಎಂಪಿಎಫ್‌ಐ. ಎರಡರದೂ ಬ್ಲಾಕ್ ಅಲ್ಯೂಮಿನಿಯಂ. ಹಾಗಾಗಿ ಮುಂಭಾಗದ ತೂಕ ಹೆಚ್ಚುವುದಿಲ್ಲ.

ಗೇರ್‌ಬಾಕ್ಸ್ ವಿಷಯದಲ್ಲೂ ಜಿಪ್ಸಿ ಅನುಕೂಲ. ಅದು ನಾಲ್ಕು ಚಕ್ರ ಓಡಿಸುವ ಗಾಡಿ ಅಲ್ವಾ, ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಇರಲೇಬೇಕು. ಆದರೆ ಅದು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಒಂದು ಚಿಕ್ಕ ಶಾಫ್ಟ್‌ನ ಆಚೆ ಬೇರೆಯಾಗಿ ಕೂತಿರುತ್ತದೆ. ಅದನ್ನು ಬಿಟ್ಟರೆ ನಮಗೆ ಉಳಿಯುವುದು ಐದು ಗೇರಿನ ಚಿಕ್ಕ, ಚೊಕ್ಕ ಗೇರ್‌ಬಾಕ್ಸ್.

ಕೊಳ್ಳುವಾಗ

ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಿಡಿ ಎಂಜಿನ್ ಸಿಗುತ್ತದೆ. ಸೇನೆ ಹರಾಜು ಹಾಕಿದ ಜಿಪ್ಸಿಗಳೂ ಬರುತ್ತಿರುತ್ತವೆ. ಬಿಡಿ ಎಂಜಿನ್ ಅಗ್ಗ ಅನ್ನಿಸುತ್ತದೆ. ಆಮೇಲೆ ಒಂದೊಂದೇ ಸೆನ್ಸರ್, ಒಂದೊಂದೇ ಬ್ರಾಕೆಟ್ ಹುಡುಕಿ ಅಲೆಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಸಾಧ್ಯವಾದರೆ ಓಡುತ್ತಿರುವ ಇಡೀ ಗಾಡಿ ನೋಡಿ, ಅದರಿಂದಲೇ ಇಳಿಸಿಕೊಳ್ಳಿ. ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಟ್ಟು, ಹೊಗೆ ನೋಡಿ, ಶಬ್ದ ಕೇಳಿ.

ಎಂಜಿನ್, ಗೇರ್‌ಬಾಕ್ಸ್ ಜೊತೆಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಎಂಜಿನ್ ವೈರಿಂಗ್ ಪೂರ್ತಿ, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಪೆಟ್ರೋಲ್ ಪಂಪ್, ಏರ್ ಫಿಲ್ಟರ್ ಡಬ್ಬ, ಎಂಜಿನ್ ಮೌಂಟ್‌ಗಳು, ರೇಡಿಯೇಟರ್, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇರುವ ಸೈಲೆನ್ಸರ್ ಪೈಪ್, ಇಷ್ಟನ್ನೂ ಕೇಳಿ ಪಡೆಯಿರಿ. ಗೇರ್‌ಬಾಕ್ಸ್ ಹಿಂದಿನ ಚಿಕ್ಕ ಶಾಫ್ಟನ್ನು ಮರೆಯಬೇಡಿ. ಅದರ ತುದಿಯ ಫಿಟ್ಟಿಂಗ್ ಆಮೇಲೆ ಲೇತ್‌ನವರಿಗೆ ಬೇಕಾಗುತ್ತದೆ. ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇದ್ದರೆ ಅದರ ಕೀ, ಡಬ್ಬ, ಇಸಿಯು ಮೂರೂ ಒಂದೇ ಗಾಡಿಯದ್ದಾಗಿರಬೇಕು.

ಬಿಲ್ಲು, ಆ ಗಾಡಿಯ ಆರ್‌ಸಿ ಪ್ರತಿ, ಅದು ರದ್ದಾಗಿದ್ದಕ್ಕೆ ದಾಖಲೆ. ಇವಿಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ಮನೆಗೆ ತಂದ ಮೇಲೆ ಕೂರಿಸುವ ಮೊದಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಬದಲಿಸಿಬಿಡಿ. ಈಗ ಒಂದು ದಿನದ ಕೆಲಸ. ಕೂರಿಸಿದ ಮೇಲೆ ಮೂರು ದಿನದ್ದು.

ಅಳತೆ, ಮತ್ತೆ ಅಳತೆ

ಹಳೆಯ ಎಂಜಿನ್ ಇಳಿಸುವ ಮೊದಲು ಫೋಟೊ ತೆಗೆಯಿರಿ. ಪ್ರತಿ ವೈರು, ಪೈಪು, ಬೋಲ್ಟು. ಬಿಚ್ಚಿದ್ದನ್ನು ಕವರಿಗೆ ಹಾಕಿ ಹೆಸರು ಬರೆಯಿರಿ. ಎಂಜಿನ್ ಎತ್ತಲು ಗಟ್ಟಿ ತೊಲೆಗೆ ಕಟ್ಟಿದ ಚೈನ್ ಪುಲ್ಲಿ ಅಥವಾ ಎಂಜಿನ್ ಕ್ರೇನ್ ಬೇಕು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ನುಗ್ಗಬಾರದು, ಒಂದು ನಿಮಿಷಕ್ಕೂ ಬೇಡ.

ಜಾಗ ಖಾಲಿಯಾದಾಗ ತುಕ್ಕು ಕಾಣುತ್ತದೆ. ಪದ್ಮಿನಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಎಂಜಿನ್ ಹೊರುವ ಅಡ್ಡ ತೊಲೆ, ಅದು ಬಾಡಿಗೆ ಸೇರುವ ಜಾಗ, ಪಟ್ಟಿ ಸ್ಪ್ರಿಂಗ್ ಕೂರುವ ಜಾಗ, ಇವನ್ನು ಚೂಪು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳಗೆ ಹೋದರೆ ಮೊದಲು ಟಿಂಕರಿಂಗ್, ಆಮೇಲೆ ಎಂಜಿನ್.

ಈಗ ಇಡೀ ಕೆಲಸದ ಮುಖ್ಯ ಘಟ್ಟ. ಭಾರದ ಎಂಜಿನ್ನನ್ನು ಹತ್ತಾರು ಸಲ ಇಳಿಸಿ ಎತ್ತುವುದು ಕಷ್ಟ. ಗುಜರಿಯಲ್ಲಿ ಅದೇ ಮಾದರಿಯ ಹಾಳಾದ ಬ್ಲಾಕ್, ಹೆಡ್, ಸಂಪು ಸಿಕ್ಕರೆ ಒಳಗಿನದೆಲ್ಲ ತೆಗೆದು ಖಾಲಿ ಬುರುಡೆ ಜೋಡಿಸಿಕೊಳ್ಳಿ. ಇಬ್ಬರು ಎತ್ತಿ ಇಡಬಹುದು. ಅದಕ್ಕೆ ಗೇರ್‌ಬಾಕ್ಸ್ ಸಿಕ್ಕಿಸಿ, ಮರದ ತುಂಡುಗಳ ಮೇಲೆ ಕೂರಿಸಿ ನೋಡುತ್ತಾ ಹೋಗಿ.

ಏನು ನೋಡಬೇಕು? ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಸಂಪಿನ ತಳ ಅಡ್ಡ ತೊಲೆಗಿಂತ ಕೆಳಗೆ ಇಳಿಯಬಾರದು. ಇಳಿದರೆ ನಮ್ಮ ಮೊದಲ ರೋಡ್ ಹಂಪೇ ಅದನ್ನು ಒಡೆಯುತ್ತದೆ. ಬಾನೆಟ್ ಮುಚ್ಚಬೇಕು. ಬಾನೆಟ್ ಒಳಮೈಗೆ ಹಿಟ್ಟಿನ ಉಂಡೆ ಅಂಟಿಸಿ ಮುಚ್ಚಿ ತೆಗೆದರೆ ಎಷ್ಟು ಅಂತರ ಉಳಿದಿದೆ ಎಂದು ತಿಳಿಯುತ್ತದೆ. ಎಂಜಿನ್ ರಬ್ಬರ್ ಮೇಲೆ ಅಲ್ಲಾಡುವುದರಿಂದ ಸುತ್ತಲೂ ಕನಿಷ್ಠ 25 ಮಿಲಿಮೀಟರ್ ಬಿಡಿ. ಸ್ಟಿಯರಿಂಗ್ ಬಾಕ್ಸ್, ಅದರ ರಾಡುಗಳು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿದಾಗಲೂ ಏನೂ ತಾಗಬಾರದು. ಬಿಸಿ ಎಕ್ಸಾಸ್ಟ್ ಪೈಪ್ ಇಳಿಯುವ ಕಡೆ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಇದ್ದರೆ ಅವುಗಳ ದಾರಿ ಬದಲಿಸಬೇಕು. ಆಯಿಲ್ ಫಿಲ್ಟರ್ ಬಿಚ್ಚಲು ಕೈ ಹೋಗುತ್ತದಾ, ಅದನ್ನೂ ಈಗಲೇ ನೋಡಿ.

ಜಾಗ ಖಚಿತವಾದ ಮೇಲೆ ಮೌಂಟ್ ಬ್ರಾಕೆಟ್. 5 ಅಥವಾ 6 ಮಿಲಿಮೀಟರ್ ದಪ್ಪದ ಎಂಎಸ್ (ಮೆದು ಉಕ್ಕಿನ) ಪ್ಲೇಟ್ ಸಾಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ಮಾದರಿ ಮಾಡಿ. ಬ್ರಾಕೆಟ್ಟಿನ ಒಂದು ತುದಿ ಪದ್ಮಿನಿಯ ಹಳೆಯ ಮೌಂಟ್ ತೂತುಗಳಿಗೇ ಬೋಲ್ಟ್ ಆಗಬೇಕು, ಇನ್ನೊಂದು ತುದಿ ಜಿಪ್ಸಿಯ ರಬ್ಬರ್ ಮೌಂಟಿಗೆ. ಬಾಡಿಗೆ ವೆಲ್ಡಿಂಗ್ ಬೇಡ. ಗೇರ್‌ಬಾಕ್ಸ್ ಹಿಂದಿನ ಮೌಂಟಿಗೂ ಹೀಗೇ ಒಂದು ಅಡ್ಡ ಪಟ್ಟಿ. ಬ್ರಾಕೆಟ್ಟನ್ನು ಬೆಂಚಿನ ಮೇಲೆ ಅನುಭವಿ ವೆಲ್ಡರ್ ಕೈಯಲ್ಲೇ ಪೂರ್ತಿ ವೆಲ್ಡ್ ಮಾಡಿಸಿ. ಇಡೀ ಎಂಜಿನ್ ಅದರ ಮೇಲೆ ನಿಲ್ಲುತ್ತದೆ.

ಮೊದಲೇ ಹೇಳಿದ ತೂತು ಬರುವುದು ಇಲ್ಲಿ. ಜಿಪ್ಸಿಯ ಗೇರ್ ರಾಡ್ ನೆಲದಿಂದ ಮೇಲೆ ಬರುತ್ತದೆ. ಪದ್ಮಿನಿಯ ಕೊನೆಯ ಎಸ್1 ಮಾದರಿ ಬಿಟ್ಟರೆ ನಮ್ಮ ಗಾಡಿಗಳಿಗೆ ಗೇರ್ ಸ್ಟಿಯರಿಂಗ್ ಹತ್ತಿರ. ನಡುವಿನ ತಗಡಿನಲ್ಲಿ ರಾಡ್ ಆಡುವಷ್ಟೇ ಅಗಲದ ಗುಂಡು ತೂತು ಮಾಡಿಸಿ, ಅಂಚಿಗೆ ಪಟ್ಟಿ ಕೊಟ್ಟು ಗಟ್ಟಿ ಮಾಡಿಸಿ. ಕತ್ತರಿಸಿದ ತುಂಡನ್ನು ಎತ್ತಿಡಿ. ಸ್ಟಿಯರಿಂಗ್ ಪಕ್ಕದ ಹಳೆಯ ಗೇರ್ ರಾಡನ್ನು ಬಿಚ್ಚಬೇಕಿಲ್ಲ, ಕೆಳಗಿನ ಜೋಡಣೆ ತೆಗೆದರೆ ಸಾಕು.

ಕ್ಲಚ್ ಕೇಬಲ್‌ಗೆ ಪೆಡಲ್ ಹತ್ತಿರ ಒಂದು ಚಿಕ್ಕ ಬ್ರಾಕೆಟ್ ಬೇಕು. ಕೇಬಲ್ ಎಲ್ಲೂ ಚೂಪಾಗಿ ಮಡಚಬಾರದು. ಆಕ್ಸಿಲರೇಟರ್ ಕೇಬಲ್ ಹಾಕಿದ ಮೇಲೆ ಪೆಡಲ್ ಒತ್ತಿ ಬಿಟ್ಟರೆ ತಾನಾಗಿ ಪೂರ್ತಿ ವಾಪಸ್ ಬರುತ್ತದಾ ಎಂದು ಇಪ್ಪತ್ತು ಸಲ ನೋಡಿ.

ಪ್ರೊಪೆಲ್ಲರ್ ಶಾಫ್ಟ್

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಶಕ್ತಿ ಒಯ್ಯುವ ಈ ಉದ್ದದ ಶಾಫ್ಟಿನಲ್ಲಿ ನಾನು ಮೊದಲು ಎಡವಿದ್ದೆ. ಶಾಫ್ಟ್ ಹೊಸದಾಗಿ ಮಾಡಿಸಿ ಹಾಕಿದೆ. 60 ಕಿಲೋಮೀಟರ್ ವೇಗಕ್ಕೆ ಇಡೀ ನೆಲ ನಡುಗಲು ಶುರುವಾಯಿತು. ಶಾಫ್ಟ್ ಬ್ಯಾಲೆನ್ಸ್ ಸರಿ ಇತ್ತು. ತಪ್ಪಿದ್ದು ಕೋನ. ಗಾಡಿ ಸ್ಟ್ಯಾಂಡ್ ಮೇಲಿದ್ದಾಗ, ಹಿಂದಿನ ಹೌಸಿಂಗ್ (ಹಿಂದಿನ ಆ್ಯಕ್ಸಲ್ ಗೇರುಗಳ ಡಬ್ಬ) ಜೋತು ಬಿದ್ದಿದ್ದಾಗ ಅಳತೆ ತೆಗೆದಿದ್ದೆ.

ಕಾರಣ ಇಷ್ಟು. ಶಾಫ್ಟ್‌ನ ತುದಿಯಲ್ಲಿ ಮಡಚಲು ಇರುವ ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. ಶಾಫ್ಟ್‌ನ ಇನ್ನೊಂದು ತುದಿಯಲ್ಲಿ ಅಷ್ಟೇ ಕೋನ ಇದ್ದರೆ ಆ ಏರಿಳಿತ ಅಲ್ಲಿ ಸಮವಾಗುತ್ತದೆ. ಇಲ್ಲದಿದ್ದರೆ ನಡುಕವಾಗಿ ಬಾಡಿಗೆ ಬರುತ್ತದೆ. ಅಂದರೆ ಗೇರ್‌ಬಾಕ್ಸ್ ಹಿಂದಿನ ತುದಿಯೂ ಹೌಸಿಂಗ್ ಮೂತಿಯೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ವ್ಯತ್ಯಾಸ ಒಂದು ಡಿಗ್ರಿ ಒಳಗಿರಲಿ. ಪ್ರತಿ ಜಾಯಿಂಟಿನ ಕೋನ ಸುಮಾರು ಮೂರು ಡಿಗ್ರಿ ದಾಟದಿರಲಿ. ಫೋನಿನ ಲೆವೆಲ್ ಆ್ಯಪ್ ಇದಕ್ಕೆ ಸಾಕು.

ಗಾಡಿ ಚಕ್ರದ ಮೇಲೆ ನಿಂತಿರುವಾಗ, ಮುಂದೆ ಇಬ್ಬರನ್ನು ಕೂರಿಸಿ ಅಳೆಯಿರಿ. ವ್ಯತ್ಯಾಸ ಬಂದರೆ ಗೇರ್‌ಬಾಕ್ಸ್ ಮೌಂಟ್ ಕೆಳಗೆ ತೆಳು ಪ್ಲೇಟ್ ಕೊಟ್ಟು ಸರಿಪಡಿಸಿ. ನಮ್ಮದರಲ್ಲಿ 8 ಮಿಲಿಮೀಟರ್ ಪ್ಲೇಟ್ ಕೊಟ್ಟ ಕೂಡಲೇ ನಡುಕ ನಿಂತಿತು.

ಶಾಫ್ಟ್ ಕೆಲಸವನ್ನು ಪ್ರೊಪೆಲ್ಲರ್ ಶಾಫ್ಟನ್ನೇ ಮಾಡುವ ಲೇತ್ ಅಂಗಡಿಗೆ ಕೊಡಿ. ಒಂದು ತುದಿಗೆ ಜಿಪ್ಸಿಯ ಫಿಟ್ಟಿಂಗ್, ಇನ್ನೊಂದಕ್ಕೆ ಪದ್ಮಿನಿ ಹೌಸಿಂಗಿನ ಫ್ಲಾಂಜ್. ಎರಡೂ ತುದಿಯ ಕ್ರಾಸ್ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಸ್ಪ್ರಿಂಗ್ ಕುಗ್ಗಿದಾಗ ಶಾಫ್ಟ್ ಹಿಂದೆ ಮುಂದೆ ಸರಿಯಲು ಸ್ಲೈಡಿಂಗ್ ಜಾಯಿಂಟ್ ಇರಬೇಕು, ಅದರಲ್ಲಿ ಎರಡೂ ಕಡೆಗೆ ಆಟ ಉಳಿದಿರಬೇಕು. ಕೊನೆಗೆ ಮೆಷಿನ್ ಮೇಲೆ ಬ್ಯಾಲೆನ್ಸ್. ಹಳೆಯ ಶಾಫ್ಟನ್ನು ಕತ್ತರಿಸಲು ಕೊಡಬೇಡಿ, ಅದು ಹಳೆಯ ಎಂಜಿನ್ ಜೊತೆ ಇರಲಿ.

ಹೌಸಿಂಗ್ ರೇಷಿಯೊ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆ ಎಂದು ತಿಳಿಯಲು ಹಿಂದಿನ ಎರಡೂ ಚಕ್ರ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಎರಡೂ ಚಕ್ರವನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. 43 ಸುತ್ತು ಬಂದರೆ 4.3. ಈ ಲೆಕ್ಕದಲ್ಲಿ, ಸುಮಾರು 60 ಸೆಂಟಿಮೀಟರ್ ವ್ಯಾಸದ ಟೈರಿನಲ್ಲಿ 100 ಕಿಲೋಮೀಟರ್ ವೇಗಕ್ಕೆ, ನೇರವಾಗಿ ತಿರುಗುವ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗುತ್ತದೆ. ಐದನೇ ಗೇರಿನ ರೇಷಿಯೊ 0.8 ಆಸುಪಾಸು ಇದ್ದರೆ ಅದು ಸುಮಾರು 3,040ಕ್ಕೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಇದರ ಸುಖ ಓಡಿಸಿಯೇ ನೋಡಬೇಕು.

ಸ್ಪೀಡೊಮೀಟರ್ ಬಗ್ಗೆ ಎಚ್ಚರ. ಜಿಪ್ಸಿಯಲ್ಲಿ ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೋಗುತ್ತದೆ. ಅದನ್ನು ಬಿಟ್ಟ ಮೇಲೆ ಮೀಟರಿಗೆ ಸಂಪರ್ಕವೇ ಇಲ್ಲ. ಶಾಫ್ಟ್ ಹತ್ತಿರ ಸೆನ್ಸರ್ ಕೂರಿಸಿ ಎಲೆಕ್ಟ್ರಾನಿಕ್ ಮೀಟರಿಗೆ ಕೊಡಬಹುದು, ಅಥವಾ ಜಿಪಿಎಸ್ ಮೀಟರ್ ಹಾಕಬಹುದು. ಮೀಟರ್ ಇಲ್ಲದೆ ಗಾಡಿ ರಸ್ತೆಗೆ ತರಬೇಡಿ.

ಬ್ರೇಕ್

ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬ್ರೇಕ್ ಮುಗಿದಿರಬೇಕು. ಈ ಕ್ರಮವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಪದ್ಮಿನಿಯ ಡ್ರಮ್ ಬ್ರೇಕ್‌ಗಳು 40 ಕುದುರೆ ಶಕ್ತಿಯ ಗಾಡಿಗೆ ಮಾಡಿದವು. ಎಂಪಿಎಫ್‌ಐ ಹಾಕಿದರೆ ಈಗ ಅದರ ಎರಡು ಪಟ್ಟು. ಮುಂದೆ ಡಿಸ್ಕ್ ಹಾಕಿಸುವುದು ಒಳ್ಳೆಯದು. ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ಟನ್ನು ಇಂಥ ಕೆಲಸ ಮಾಡಿ ಗೊತ್ತಿರುವವರಿಂದಲೇ ಮಾಡಿಸಿ, ಇದರಲ್ಲಿ ಪ್ರಯೋಗ ಬೇಡ. ಗಾಡಿಯಲ್ಲಿ ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇದ್ದರೆ ಎರಡು ಸರ್ಕ್ಯೂಟಿನದು ಹಾಕಿ. ಆಗ ಒಂದು ಪೈಪ್ ಒಡೆದರೂ ಎರಡು ಚಕ್ರದ ಬ್ರೇಕ್ ಉಳಿಯುತ್ತದೆ. ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಹೊಸ ಎಂಜಿನ್ನಿನಿಂದಲೇ ಸಿಗುತ್ತದೆ. ರಬ್ಬರ್ ಹೋಸ್‌ಗಳು, ಚಕ್ರದ ಸಿಲಿಂಡರ್‌ಗಳು ಎಲ್ಲ ಹೊಸತಾಗಲಿ. ಇದೂ ಆರ್‌ಟಿಒ ಅರ್ಜಿಯಲ್ಲೇ ಸೇರಿರಲಿ.

ಹಿಂದಿನ ಆ್ಯಕ್ಸಲ್ ಕೂಡ ಹಳೆಯ ಶಕ್ತಿಗೆ ಮಾಡಿದ್ದೇ. ಮೊದಲ ಗೇರಿನಲ್ಲಿ ಕ್ಲಚ್ ತಟ್ಟನೆ ಬಿಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಪೆಟ್ರೋಲ್, ನೀರು, ಕರೆಂಟು

ಹಳೆಯ ಕಾರ್ಬುರೇಟರಿಗೆ ಪೆಟ್ರೋಲ್ ತೊಟ್ಟಿಕ್ಕಿದಂತೆ ಬಂದರೆ ಸಾಕಿತ್ತು. ಎಂಪಿಎಫ್‌ಐಗೆ ಎರಡೂವರೆಯಿಂದ ಮೂರು ಬಾರ್ ಒತ್ತಡ ಬೇಕು. ಸಾಮಾನ್ಯ ರಬ್ಬರ್ ಪೈಪ್ ಇದಕ್ಕೆ ತಡೆಯುವುದಿಲ್ಲ. ಒಬ್ಬ ಮೇಸ್ತ್ರಿ ‘ಇದೇ ಆಗುತ್ತೆ’ ಎಂದು ಹಾಕಿಕೊಟ್ಟ ಪೈಪ್ ಮೂರೇ ದಿನಕ್ಕೆ ಉಬ್ಬಿ, ಕ್ಲಿಪ್ ಹತ್ತಿರ ಒದ್ದೆಯಾಗಿತ್ತು. ವಾಸನೆ ಬಂದಿದ್ದರಿಂದ ಉಳಿದುಕೊಂಡೆವು. ಫ್ಯೂಯೆಲ್ ಇಂಜೆಕ್ಷನ್ ಹೋಸ್ ಎಂದೇ ಕೇಳಿ, ಅದರ ಮೇಲೆ ಬರೆದಿರುವುದನ್ನು ಓದಿ ತನ್ನಿ. ಟ್ಯಾಂಕ್ ಇಳಿಸಿ ತುಕ್ಕು ತೊಳೆಸಿ. ಪಂಪಿಗೆ ಮುಂಚೆ ಒಂದು ಫಿಲ್ಟರ್, ನಂತರ ಒಂದು. ಜಿಪ್ಸಿಯ ಎಂಜಿನ್ನಿಗೆ ಟ್ಯಾಂಕಿಗೆ ಮರಳುವ ಪೈಪ್ ಇದ್ದರೆ ಪದ್ಮಿನಿ ಟ್ಯಾಂಕಿನಲ್ಲೂ ಅದಕ್ಕೆ ಬಾಯಿ ಬೇಕು. ಟ್ಯಾಂಕ್ ವೆಲ್ಡಿಂಗ್ ಮನೆಯಲ್ಲಿ ಖಂಡಿತ ಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಪಂಪನ್ನು ಇಸಿಯು ನಡೆಸುವ ರಿಲೇ ಮೂಲಕವೇ ಕೊಡಿ. ಆಗ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಅಪಘಾತದಲ್ಲಿ ಇದು ಜೀವ ಉಳಿಸುತ್ತದೆ.

ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಜಾಗ ಕಡಿಮೆ. ಎಂಜಿನ್ನಿನ ಸ್ವಂತ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕುವುದು ಸುಲಭ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್) ತೆಗೆಯಬೇಡಿ. ‘ತೆಗೆದರೆ ತಂಪಾಗಿರುತ್ತೆ’ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಬಿಸಿಯೇ ಆಗದ ಎಂಜಿನ್ ಚಳಿಯಲ್ಲೇ ಇದೆ ಎಂದು ಇಸಿಯು ತಿಳಿದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಬರೀ ನೀರು ಬೇಡ, ಅಲ್ಯೂಮಿನಿಯಂ ಎಂಜಿನ್ನಿಗೆ ಕೂಲಂಟ್ ಬೇಕೇ ಬೇಕು. ತುಂಬುವಾಗ ಮೂತಿ ಎತ್ತರಕ್ಕೆ ಇರುವಂತೆ ಗಾಡಿ ನಿಲ್ಲಿಸಿ ಗಾಳಿ ಹೊರಗೆ ಬಿಡಿ. ಪದ್ಮಿನಿಯ ಟೆಂಪರೇಚರ್ ಮೀಟರಿಗೆ ಅದರದೇ ಸೆನ್ಸರ್ ಬೇರೆ ಹಾಕಿ. ಇಸಿಯು ಸೆನ್ಸರಿಗೆ ಕೈ ಹಚ್ಚಬೇಡಿ.

ವೈರಿಂಗ್ ಬಗ್ಗೆ ಹೆದರುವವರು ಜಾಸ್ತಿ. ಜಿಪ್ಸಿಯ ಎಂಜಿನ್ ವೈರಿಂಗ್ ಕತ್ತರಿಸದೆ ಪೂರ್ತಿ ಇದ್ದರೆ ಅದು ಕಷ್ಟವಲ್ಲ. ಅದನ್ನು ಪದ್ಮಿನಿಯ ವೈರಿಂಗಿಗೆ ಬೆರೆಸಬೇಡಿ, ಬೇರೆಯೇ ಆಗಿರಲಿ. ಅದಕ್ಕೆ ಬೇಕಾಗಿರುವುದು ಬ್ಯಾಟರಿಯ ನೇರ ಕರೆಂಟು, ಕೀ ಆನ್ ಆದಾಗಿನ ಕರೆಂಟು, ಸ್ಟಾರ್ಟರ್ ಲೈನ್, ಒಳ್ಳೆಯ ಅರ್ತ್. ಹಳೆಯ ಕೀ ಸ್ವಿಚ್ಚಿನ ಮೇಲೆ ಭಾರ ಹಾಕದೆ ರಿಲೇ ಹಾಕಿ, ಪ್ರತಿಯೊಂದಕ್ಕೂ ಫ್ಯೂಸ್ ಕೊಡಿ. ಎಂಜಿನ್‌ನಿಂದ ಬಾಡಿಗೆ ದಪ್ಪ ಅರ್ತ್ ಪಟ್ಟಿ ಇರಲಿ. ಅರ್ತ್ ಸರಿ ಇಲ್ಲದಿದ್ದರೆ ಬರುವ ತೊಂದರೆಗಳಿಗೆ ತಲೆಬುಡ ಇರುವುದಿಲ್ಲ. ಇಸಿಯು ಗಾಡಿಯೊಳಗೆ, ಡ್ಯಾಶ್‌ಬೋರ್ಡ್ ಕೆಳಗೆ ಮಳೆನೀರು ತಾಗದ ಕಡೆ ಇರಲಿ. ಚೆಕ್ ಎಂಜಿನ್ ದೀಪವನ್ನು ಬಿಡಬೇಡಿ, ಕಣ್ಣಿಗೆ ಕಾಣುವ ಕಡೆ ಕೂರಿಸಿ.

ಸೈಲೆನ್ಸರ್ ಸುಲಭದ ಕೆಲಸ. ಕೆಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎರಡೂ ಉಳಿಸಿಕೊಳ್ಳಿ. ನೆಲದ ತಗಡಿಗೆ ಬಿಸಿ ತಾಗದಂತೆ ನಡುವೆ ಒಂದು ತಗಡಿನ ಮರೆ ಕೊಡಿ.

ಮೊದಲ ಸ್ಟಾರ್ಟ್

ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಳ್ಳಿ. ಪಂಪಿನ ಫ್ಯೂಸ್ ತೆಗೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್, ಫ್ಯೂಸ್ ಹಾಕಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಪೆಟ್ರೋಲ್ ಪೈಪಿನ ಪ್ರತಿ ಜೋಡಣೆಯನ್ನೂ ಟಾರ್ಚ್ ಹಾಕಿ ನೋಡಿ. ಒಂದು ಹನಿ ಕಂಡರೂ ನಿಲ್ಲಿಸಿ. ಎಲ್ಲ ಒಣಗಿದ್ದರೆ ಸ್ಟಾರ್ಟ್ ಮಾಡಿ. ಫ್ಯಾನ್ ತಾನಾಗಿ ಒಮ್ಮೆ ತಿರುಗಿ ನಿಲ್ಲುವವರೆಗೆ ಅಲ್ಲೇ ಇರಿ.

ಮೊದಲ ಓಟ ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ, 30ರ ವೇಗದಲ್ಲಿ, ಬರೀ ಬ್ರೇಕ್ ನೋಡಲು. ಮೊದಲ 50 ಕಿಲೋಮೀಟರ್ ಆದ ಮೇಲೆ ಮೌಂಟ್, ಶಾಫ್ಟ್, ಬ್ರೇಕ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿ. 500ಕ್ಕೆ ಮತ್ತೊಮ್ಮೆ. 1,000ಕ್ಕೆ ಆಯಿಲ್ ಬದಲಿಸಿ, ಬ್ರಾಕೆಟ್‌ಗಳ ವೆಲ್ಡಿಂಗಿನಲ್ಲಿ ಬಿರುಕು ಇದೆಯಾ ನೋಡಿ. ಘಾಟಿಗೆ ಹೋಗುವುದು ಇದಾದ ಮೇಲೆ.

ಹಳೆಯ ಎಂಜಿನ್

ಅದನ್ನು ಗುಜರಿಗೆ ಹಾಕಬೇಡಿ. ಅದರ ನಂಬರ್ ನಿಮ್ಮ ಗಾಡಿಯ ಮೊದಲ ಆರ್‌ಸಿಯಲ್ಲಿದೆ. ನೀರು ಪೂರ್ತಿ ಬಸಿಯಿರಿ, ಆಯಿಲ್ ಹೊಸದು ತುಂಬಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಪ್ಲಗ್ ಮತ್ತೆ ಹಾಕಿ. ಕಾರ್ಬುರೇಟರ್ ಬಾಯಿ, ಎಕ್ಸಾಸ್ಟ್ ಬಾಯಿ ಬಟ್ಟೆಯಿಂದ ಮುಚ್ಚಿ. ಇಲಿ ಗೂಡು ಕಟ್ಟುವುದು ಅಲ್ಲೇ. ಮರದ ಸ್ಟ್ಯಾಂಡ್ ಮೇಲೆ, ನೆಲದಿಂದ ಎತ್ತರಕ್ಕೆ ಇಟ್ಟು ಹೊದಿಸಿ. ಹಳೆಯ ಶಾಫ್ಟ್, ಗೇರ್‌ಬಾಕ್ಸ್, ನೆಲದಿಂದ ಕತ್ತರಿಸಿದ ಆ ಗುಂಡು ತಗಡು, ಹೆಸರು ಬರೆದ ಬೋಲ್ಟ್ ಕವರುಗಳು ಎಲ್ಲ ಅದರ ಪಕ್ಕದಲ್ಲೇ ಇರಲಿ. ಎರಡು ಮೂರು ತಿಂಗಳಿಗೊಮ್ಮೆ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ನಮ್ಮ ಮನೆಯಲ್ಲಿ ಆ ಕೆಲಸ ಅಪ್ಪನದು.